ಪೆಡಲ್ ಪಕ್ಕಕ್ಕಿಟ್ಟು ಊದಿದ ಎರಡು ದಿನ

ಹೋದ ಚಳಿಗಾಲದಲ್ಲಿ ನಾವು ಐದು ಜನ ಬ್ರೂಕ್ಲಿನ್‌ನ ಒಂದು ಸ್ಟುಡಿಯೋದಲ್ಲಿ ಎರಡು ದಿನ ಸೇರಿ ಏಳು ಜಾಝ್ ಟ್ಯೂನ್ ರೆಕಾರ್ಡ್ ಮಾಡಿದೆವು. ಟ್ರಂಪೆಟ್, ಟೆನರ್ ಸ್ಯಾಕ್ಸೋಫೋನ್, ಪಿಯಾನೋ, ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್, ಡ್ರಮ್ಸ್. ಎಲ್ಲರೂ ಒಂದೇ ರೂಮಿನಲ್ಲಿ. ಹೆಡ್‌ಫೋನ್ ಇಲ್ಲ, ಕಿವಿಯಲ್ಲಿ ತಾಳ ಹಿಡಿಯುವ ಕ್ಲಿಕ್ ಇಲ್ಲ, ಬೇಸ್‌ಗೆ ಸದ್ದು ಹೆಚ್ಚಿಸುವ ಆಂಪ್ ಕೂಡ ಇಲ್ಲ. ಹನ್ನೊಂದು ವರ್ಷ ಪೆಡಲ್ ಬೋರ್ಡ್ ಮುಂದೆ, ಅಂದರೆ ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಯಂತ್ರಗಳ ಮುಂದೆ, ನಿಂತು ಟ್ರಂಪೆಟ್ ಊದಿದವನು ನಾನು. ಹಾಗಾಗಿ ಇದಕ್ಕೆ ತಯಾರಾಗೋಕೆ ಏಳು ತಿಂಗಳು ಹಿಡಿಯಿತು.

ನಮ್ಮಪ್ಪ ಮೈಸೂರಿನ ಪೊಲೀಸ್ ಬ್ಯಾಂಡ್‌ನಲ್ಲಿ ಟ್ರಂಪೆಟ್ ಥರದ್ದೇ ಆದ ಕಾರ್ನೆಟ್ ನುಡಿಸುತ್ತಿದ್ದರು. ದಸರಾ ಹತ್ತಿರ ಬಂತು ಅಂದರೆ ಮನೆಯೆಲ್ಲ ಹಿತ್ತಾಳೆ ಉಜ್ಜುವ ಬ್ರಾಸೋ ವಾಸನೆ. ನನಗೆ ಊದೋದು ಕಲಿಸಿದ್ದು ಅವರೇ. ಹಜಾರದ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಒಂದೇ ಸ್ವರ ಊದಿಸುತ್ತಿದ್ದರು. ನಾನು ಊದಿ ತುತ್ತೂರಿ ಕೆಳಗಿಳಿಸಿದರೆ, "ಇನ್ನೂ ಮುಗಿದಿಲ್ಲ ಕಣೋ, ಕೇಳಿಸ್ಕೋ" ಅನ್ನುತ್ತಿದ್ದರು. ಗೋಡೆಯಿಂದ ವಾಪಸ್ ಬರುವ ಸದ್ದು ಪೂರ್ತಿ ಅಡಗುವ ತನಕ ನಾನು ಅಲ್ಲಾಡುವ ಹಾಗಿರಲಿಲ್ಲ.

ನ್ಯೂಯಾರ್ಕ್‌ಗೆ ಬಂದ ಮೇಲೆ ಎಲೆಕ್ಟ್ರಿಕ್ ಬ್ಯಾಂಡ್‌ಗಳಲ್ಲಿ ಕೆಲಸ ಸಿಕ್ಕಿತು. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1970ರ ಹೊತ್ತಿಗೇ ಟ್ರಂಪೆಟ್‌ಗೆ ವಾ-ವಾ ಪೆಡಲ್ ಹಾಕಿ ದಾರಿ ತೋರಿಸಿದ್ದರು. ಟ್ರಂಪೆಟ್‌ನ ಅಗಲ ಬಾಯಿಗೆ ಕ್ಲಿಪ್ ಮೈಕ್ ಸಿಕ್ಕಿಸಿದರೆ ಆಯಿತು, ಸ್ವರವನ್ನು ಪ್ರತಿಧ್ವನಿಸುವ ಡಿಲೇ, ಜೊತೆಗೆ ಬೇರೆ ಸ್ವರ ಸೇರಿಸುವ ಹಾರ್ಮನೈಸರ್, ನುಡಿಸಿದ್ದನ್ನೇ ಸುತ್ತಿಸುವ ಲೂಪರ್ ಎಲ್ಲ ಕಾಲ ಕೆಳಗೆ. ಆ ಸಂಗೀತ ನನಗೆ ಈಗಲೂ ಇಷ್ಟ, ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಒಂದು ದಿನ ಮಿಕ್ಸಿಂಗ್ ಮಾಡುತ್ತಿದ್ದಾಗ ಎಲ್ಲ ಟ್ರ್ಯಾಕ್ ಮ್ಯೂಟ್ ಮಾಡಿ, ಎಫೆಕ್ಟ್ ಇಲ್ಲದ ನನ್ನ ಟ್ರಂಪೆಟ್ ಒಂದನ್ನೇ ಕೇಳಿದೆ. ಪ್ರತಿ ಸ್ವರವೂ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಸ್ವರ ಮುಗಿಸುವ ಕೆಲಸವನ್ನು ಡಿಲೇಗೆ ಬಿಟ್ಟು, ಉಸಿರನ್ನು ಮೊದಲೇ ಎಳೆದುಕೊಂಡುಬಿಡುತ್ತಿದ್ದೆ. ಅಪ್ಪ ಕಲಿಸಿದ್ದೇ ಕೈಬಿಟ್ಟುಹೋಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಗ ನಾನು ಜಾಸ್ತಿ ಕೇಳಿದ್ದು ಜಾಝ್ ಟ್ರಂಪೆಟ್ ವಾದಕ ರಾಯ್ ಹಾರ್ಗ್ರೋವ್ ಅವರನ್ನು. 2003ರಲ್ಲಿ ಆರ್‌ಎಚ್ ಫ್ಯಾಕ್ಟರ್ ಅಂತ ಫಂಕ್ ತುಂಬಿದ ದೊಡ್ಡ ಬ್ಯಾಂಡ್ ಕಟ್ಟಿ ರೆಕಾರ್ಡ್ ಮಾಡಿದವರು, 2008ರಲ್ಲಿ 'ಇಯರ್‌ಫುಡ್' ಆಲ್ಬಮ್‌ಗೆ ಬರೀ ಐದು ಜನರ ಗುಂಪು ಇಟ್ಟುಕೊಂಡರು. ಅದರಲ್ಲಿನ ನಿಧಾನದ ಟ್ಯೂನ್‌ಗಳನ್ನು ಕೇಳಿ. ಸ್ವರ ಬಿಡುವ ಕಡೆ ಆತುರವೇ ಇಲ್ಲ. 2018ರಲ್ಲಿ, 49ನೇ ವಯಸ್ಸಿಗೇ ಹೋಗಿಬಿಟ್ಟರು. ಅವರ ಮುಂದೆ ಕೂತು ಕೇಳೋ ಅವಕಾಶ ಇನ್ನಿಲ್ಲ ಅನ್ನೋದು ಈಗಲೂ ಸಂಕಟ.

ನಾನೂ ದಿನಾ ಬೆಳಿಗ್ಗೆ ಎದ್ದು ಬೇಸ್‌ಮೆಂಟ್‌ಗೆ ಹೋಗಿ ಗೋಡೆಗೆ ಮುಖ ಮಾಡಿ ಇಪ್ಪತ್ತು ನಿಮಿಷ ಬರೀ ಉದ್ದ ಸ್ವರ. ಎಷ್ಟು ಮೆತ್ತಗೆ ಆಗುತ್ತೋ ಅಷ್ಟು ಮೆತ್ತಗೆ. ಮೆತ್ತಗೆ ಊದೋದೇ ಕಷ್ಟ: ಗಾಳಿ ಸ್ವಲ್ಪ ಸಡಿಲವಾದರೂ ಸ್ವರ ಒಡೆಯುತ್ತದೆ, ಹೆದರಿ ಮೌತ್‌ಪೀಸ್ ತುಟಿಗೆ ಒತ್ತಿದರೆ ಅರ್ಧ ಗಂಟೆಗೆ ತುಟಿ ಮರಗಟ್ಟುತ್ತದೆ. ಮೂರು ತಿಂಗಳಾದ ಮೇಲೆ ಸ್ವರದ ಬಾಲ ವಾಪಸ್ ಬಂತು.

ಮೊದಲು ಬೇರೆ ಒಂದು ಸ್ಟುಡಿಯೋದಲ್ಲಿ ಪ್ರಯತ್ನಪಟ್ಟೆವು. ಒಬ್ಬೊಬ್ಬರಿಗೂ ಒಂದೊಂದು ಗಾಜಿನ ಕೋಣೆ, ಕಿವಿಗೆ ಹೆಡ್‌ಫೋನ್. ಸದ್ದೆಲ್ಲ ಶುಭ್ರವಾಗಿ ಬಂತು, ಆದರೆ ಐದು ಜನ ಐದು ಊರಲ್ಲಿ ಕೂತು ನುಡಿಸಿದ ಹಾಗಿತ್ತು. ಹೆಡ್‌ಫೋನ್‌ನಲ್ಲಿ ನನ್ನ ಟ್ರಂಪೆಟ್ ದೊಡ್ಡದಾಗಿ ಕೇಳಿದ ಕೂಡಲೇ ಹಳೇ ಚಾಳಿ ಮರುಕಳಿಸಿತು. ಮೂರು ಟ್ಯೂನ್ ಮಾಡಿ ಮೂರನ್ನೂ ಬಿಸಾಕಿದೆವು.

ಎರಡನೇ ಸಲ ಎತ್ತರದ ಸೂರಿನ, ಮರದ ನೆಲದ ರೂಮು ಹುಡುಕಿದೆ. ಅರ್ಧ ಚಂದ್ರಾಕಾರದಲ್ಲಿ ನಿಂತೆವು. ಡ್ರಮ್ಸ್ ಕೆಳಗೆ ದಪ್ಪ ಕಂಬಳಿ. ಪಿಯಾನೋ ಮುಚ್ಚಳ ಅರ್ಧ ಎತ್ತಿದ್ದು. ನನಗೆ ರಿಬ್ಬನ್ ಮೈಕ್, ನಾಲ್ಕು ಅಡಿ ದೂರಕ್ಕೆ, ಗಾಳಿ ನೇರ ಬೀಳದ ಹಾಗೆ ತುಸು ಓರೆಯಾಗಿ. ರಿಬ್ಬನ್ ಮೈಕ್ ಮುಂದಿನದನ್ನೂ ಹಿಂದಿನದನ್ನೂ ಕೇಳಿಸಿಕೊಳ್ಳುತ್ತದೆ, ಎರಡು ಪಕ್ಕಕ್ಕೆ ಮಾತ್ರ ಕಿವುಡು. ಆ ಪಕ್ಕಕ್ಕೇ ಡ್ರಮ್ಸ್ ಬರುವಂತೆ ತಿರುಗಿಸಿಟ್ಟೆವು.

ಆದರೂ ಎಲ್ಲರ ಸದ್ದು ಎಲ್ಲರ ಮೈಕಿಗೂ ಹೋಗಿಯೇ ಹೋಗುತ್ತದೆ. ಅದಕ್ಕೆ ಬ್ಲೀಡ್ ಅನ್ನುತ್ತಾರೆ. ನಾನು ಜೋರಾಗಿ ಊದಿದರೆ ಆಮೇಲೆ ಮಿಕ್ಸಿಂಗ್‌ನಲ್ಲಿ ನನ್ನ ಮೈಕಿನ ಸದ್ದು ಇಳಿಸಿ ಪ್ರಯೋಜನವಿಲ್ಲ, ಬೇಸ್ ಮೈಕಿನಲ್ಲೂ ನಾನೇ ಕೂತಿರುತ್ತೇನೆ. ತಪ್ಪಿದ ಒಂದು ಸ್ವರವನ್ನು ಮಾತ್ರ ಮತ್ತೆ ಊದಿ ಅಂಟಿಸೋಕೂ ಆಗಲ್ಲ. ಹಾಗಾಗಿ ಬ್ಯಾಲೆನ್ಸ್ ಮಾಡೋದು ನುಡಿಸುವವರದ್ದೇ ಹೊಣೆ. ಮೈಕ್ ಇಲ್ಲದ ಕಾಲದಲ್ಲಿ ನಮ್ಮ ಮೈಸೂರಿನ ಟಿ. ಚೌಡಯ್ಯನವರು ಹಿಂದಿನ ಸಾಲಿಗೂ ಪಿಟೀಲು ಕೇಳಲಿ ಅಂತ ಏಳು ತಂತಿ ಹಾಕಿಕೊಂಡರು. ಡಬಲ್ ಬೇಸ್‌ಗೆ ಅಂಥ ಉಪಾಯವಿಲ್ಲ. ನಾವು ನಾಲ್ಕು ಜನ ತಗ್ಗಬೇಕು, ಅಷ್ಟೇ.

ನಮ್ಮ ಬೇಸ್ ವಾದಕರು ಅರವತ್ತು ದಾಟಿದವರು. ಮೊದಲ ಟೇಕ್, ಅಂದರೆ ಒಂದು ಟ್ಯೂನನ್ನು ಒಂದು ಸಲ ರೆಕಾರ್ಡ್ ಮಾಡೋದು, ಆದ ಮೇಲೆ ಮೆಲ್ಲಗೆ ಕೇಳಿದರು, "ನಾನು ಏನು ನುಡಿಸ್ತಿದ್ದೀನಿ ಅಂತ ನಿನಗೆ ಕೇಳಿಸ್ತಾ?" ಇಲ್ಲ ಅಂದೆ. "ಹಾಗಾದ್ರೆ ನೀನು ಜೋರಾದೆ." ಅದನ್ನೇ ಅಳತೆ ಮಾಡಿಕೊಂಡೆವು. ಬೇಸ್ ಬರಿಗಿವಿಗೆ ಕೇಳದಿದ್ದರೆ ಟೇಕ್ ಅಲ್ಲಿಗೇ ನಿಲ್ಲಿಸೋದು. ಡ್ರಮ್ಮರ್ ಕೋಲು ಕೆಳಗಿಟ್ಟು ಬ್ರಷ್ ತೆಗೆದುಕೊಂಡರು. ಸಂಜೆ ಹೊತ್ತಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಇದೇನೂ ಹೊಸದಲ್ಲ. 1956ರಲ್ಲಿ ಮೈಲ್ಸ್ ಡೇವಿಸ್ ಅವರ ಐದು ಜನರ ಗುಂಪು ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ಎರಡೇ ದಿನದ ರೆಕಾರ್ಡಿಂಗ್‌ನಲ್ಲಿ, ಮೇ ತಿಂಗಳಲ್ಲಿ ಒಂದು ದಿನ, ಅಕ್ಟೋಬರ್‌ನಲ್ಲಿ ಒಂದು ದಿನ, ನಾಲ್ಕು ಆಲ್ಬಮ್‌ಗೆ ಆಗುವಷ್ಟು ನುಡಿಸಿತು. ಅದೂ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ತಮ್ಮ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲಿ ಮಾಡಿಕೊಂಡಿದ್ದ ಸ್ಟುಡಿಯೋದಲ್ಲಿ. ಬಹುಪಾಲು ಒಂದೇ ಟೇಕ್. ಆ ಮಟ್ಟ ನಮ್ಮದಲ್ಲ, ನಮಗೆ ಒಂದೊಂದಕ್ಕೂ ಮೂರು ನಾಲ್ಕು ಟೇಕ್ ಬೇಕಾಯಿತು.

ಶ್ರುತಿ ವಿಚಾರವೂ ಕಾಡಿತು. ಟ್ರಂಪೆಟ್ ತಣ್ಣಗಿದ್ದಾಗ ಶ್ರುತಿ ಇಳಿಯುತ್ತದೆ, ಬಿಸಿಯಾದರೆ ಏರುತ್ತದೆ, ಪಿಯಾನೋ ಮಾತ್ರ ಇದ್ದಲ್ಲೇ ಇರುತ್ತದೆ. ಊದದಿದ್ದಾಗಲೂ ಒಳಗೆ ಬೆಚ್ಚನೆ ಉಸಿರು ಬಿಡುತ್ತಾ ಇದ್ದೆ. ಎರಡನೇ ದಿನ ತುಟಿ ಊದಿಕೊಂಡಿತ್ತು. ಎತ್ತರದ ಸ್ವರಗಳಿರುವ ಟ್ಯೂನ್‌ಗಳನ್ನು ಬೆಳಿಗ್ಗೆಯೇ ಮುಗಿಸಿ, ನಿಧಾನದ್ದನ್ನು ಕೊನೆಗಿಟ್ಟೆವು.

ಆ ಕೊನೇ ಟ್ಯೂನ್‌ಗೆ ಹಾರ್ಮನ್ ಮ್ಯೂಟ್ ಹಾಕಿದೆ, ಅಂದರೆ ಟ್ರಂಪೆಟ್ ಬಾಯಿಗೆ ಸಿಕ್ಕಿಸುವ ಲೋಹದ ಬಿರಡೆ, ಅದರ ನಡುವಿನ ಕೊಳವೆ ತೆಗೆದು. ಹಾಗೆ ಮಾಡಿದಾಗ ಸದ್ದು ಎಳೆಯಷ್ಟು ಸಣ್ಣಗಾಗುತ್ತದೆ. ಆಂಪ್ ಇದ್ದಿದ್ದರೆ ಅದನ್ನು ಗೋಪುರದಷ್ಟು ಎತ್ತಬಹುದಿತ್ತು. ಇಲ್ಲಿ ಉಳಿದ ನಾಲ್ವರು ನನಗಾಗಿ ತಗ್ಗಿದರು. ಮೈಕಿಗೆ ಗೇಣಷ್ಟು ಹತ್ತಿರ ನಿಂತೆ. ಪಿಯಾನೋ ಸ್ಟೂಲ್ ಕಿರುಗುಟ್ಟಿದ್ದು, ನನ್ನ ವಾಲ್ವ್ ಟಕ್ ಅಂದಿದ್ದು, ಎಲ್ಲ ರೆಕಾರ್ಡ್ ಆಗಿದೆ. ಯಾವುದನ್ನೂ ತೆಗೆಸಲಿಲ್ಲ. ಕೊನೇ ಸ್ವರ ಬಿಟ್ಟ ಮೇಲೆ ತುತ್ತೂರಿ ಕೆಳಗಿಳಿಸದೆ ನಿಂತೆ. ಸಿಂಬಲ್ ಅಡಗುವ ತನಕ ಯಾರೂ ಮಿಸುಕಲಿಲ್ಲ.

ಅದನ್ನು ಅಪ್ಪನಿಗೆ ಕಳಿಸಿದೆ. ಮೊಮ್ಮಗಳ ಇಯರ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದರಂತೆ. ಆಮೇಲೆ ಫೋನ್ ಮಾಡಿದರು.

"ಕೊನೇ ಸ್ವರ ಆದ್ಮೇಲೆ ಯಾರೋ ಉಸಿರು ಬಿಟ್ರಲ್ಲ, ಅದು ನೀನಾ?"

"ಅಲ್ಲಪ್ಪ, ಬೇಸ್ ನುಡಿಸಿದವರು."

"ಒಳ್ಳೇದು. ಅವರೂ ಕೊನೇವರೆಗೂ ಕೇಳಿಸ್ಕೊಂಡಿದಾರೆ" ಅಂದರು.