ಪೆನ್ಸಿಲ್ವೇನಿಯಾದ ಕಾಡಿಗೆ ನಾನು ಆರಿಸಿದ ಮೊದಲ ರೈಫಲ್

ಜಿಂಕೆ ಬೇಟೆಗೆ ರೈಫಲ್ ಕೊಳ್ಳಬೇಕು ಅಂತ ಇಲ್ಲಿ ಬಾಯಿ ಬಿಟ್ಟರೆ ಸಾಕು, ಎಲ್ಲರೂ ಕ್ಯಾಲಿಬರ್ ಬಗ್ಗೆ, ಅಂದರೆ ಯಾವ ಅಳತೆಯ ತೋಟೆ ಅನ್ನುವ ಬಗ್ಗೆ, ಮಾತು ಶುರು ಮಾಡುತ್ತಾರೆ. ಒಬ್ಬರು ಥರ್ಟಿ ಆಟ್ ಸಿಕ್ಸ್ ಬಿಟ್ಟು ಬೇರೆ ಯಾವುದೂ ಬೇಡ ಅನ್ನುತ್ತಾರೆ. ಇನ್ನೊಬ್ಬರಿಗೆ 6.5 ಕ್ರೀಡ್‌ಮೂರ್ ಅಂದರೆ ಪ್ರಾಣ. ನಾನು ಇರುವುದು ಪೆನ್ಸಿಲ್ವೇನಿಯಾದ ನಡುಭಾಗದಲ್ಲಿ, ಸ್ಟೇಟ್ ಕಾಲೇಜ್ ಊರಿನ ಹತ್ತಿರ. ಇಲ್ಲಿ ಜಿಂಕೆ ಬೇಟೆ ಮನೆಮನೆಯ ವಿಷಯ. ದಶಕಗಳ ಕಾಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಸೋಮವಾರ ರೈಫಲ್ ಸೀಸನ್ ಶುರುವಾಗುತ್ತಿತ್ತು. ಅವತ್ತು ಎಷ್ಟೋ ಊರುಗಳಲ್ಲಿ ಶಾಲೆಗೇ ರಜೆ. 2019ರಿಂದ ಅದು ಶನಿವಾರಕ್ಕೆ ಬಂದಿದೆ.

ನನ್ನ ಎತ್ತರ 5 ಅಡಿ 3 ಇಂಚು. ಕೈ ಗಿಡ್ಡ. ನನ್ನ ಆಯ್ಕೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ.

ಊರಲ್ಲಿ, ತೀರ್ಥಹಳ್ಳಿ ಕಡೆ, ಅಜ್ಜನ ಹತ್ತಿರ ತೋಟ ಕಾಯಲು ಲೈಸೆನ್ಸ್ ಇದ್ದ ಒಂಟಿ ನಳಿಗೆ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಕೊಂಡೊಯ್ದು ಇಟ್ಟು ಬರಬೇಕಿತ್ತು. ನಾವು ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅಪರಾಧ. ಅದು ಹಾಗೇ ಇರಬೇಕು ಅಂತಲೇ ನನ್ನ ಅಭಿಪ್ರಾಯ. ಇಲ್ಲಿಯ ಸ್ಥಿತಿ ಬೇರೆ. ತೋಳ ಮತ್ತು ಕೂಗರ್ ಅನ್ನುವ ದೊಡ್ಡ ಕಾಡುಬೆಕ್ಕು ಈ ರಾಜ್ಯದಿಂದ ಮಾಯವಾಗಿ ಬಹಳ ಕಾಲವಾಯಿತು. ಬಿಳಿಬಾಲದ ಜಿಂಕೆಗಳು ಹೆಚ್ಚಾದ ಕಡೆ ಓಕ್ ಸಸಿಗಳು ಮೇಲೇಳುವುದೇ ಇಲ್ಲ. ಹಾಗಾಗಿ ಬೇಟೆಗೆ ಲೆಕ್ಕ, ಲೈಸೆನ್ಸ್, ಅವಧಿ ಎಲ್ಲ ಗೊತ್ತುಮಾಡಿ ರಾಜ್ಯದ ಗೇಮ್ ಕಮಿಷನ್ ನಡೆಸುತ್ತದೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ವೀಸಾ ಮೇಲೆ ಇರುವವರಿಗೆ ಬಂದೂಕು ಇಟ್ಟುಕೊಳ್ಳಲು ಫೆಡರಲ್ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದರೂ ನಾನು ಗ್ರೀನ್ ಕಾರ್ಡ್ ಬರುವವರೆಗೆ ಕಾದೆ. ವಲಸೆಯ ಕಾಗದಪತ್ರದ ವಿಷಯದಲ್ಲಿ ವಕೀಲರನ್ನು ಕೇಳದೆ ಯಾರೂ ಮುಂದುವರಿಯಬೇಡಿ. ಮೊದಲ ಸಲ ಲೈಸೆನ್ಸ್ ತೆಗೆದುಕೊಳ್ಳುವವರು ಇಲ್ಲಿ ಬೇಟೆಗಾರರ ತರಬೇತಿ ಪಾಸು ಮಾಡಲೇಬೇಕು. ಆನ್‌ಲೈನ್‌ನಲ್ಲೂ ಮಾಡಬಹುದು. ನಾನು ಎದುರುಬದುರು ಕೂತು ಕಲಿಯುವ ಕ್ಲಾಸಿಗೇ ಹೋದೆ. ಕೋವಿ ಕೈಯಲ್ಲಿ ಹಿಡಿದು ಬೇಲಿ ದಾಟುವುದು ಹೇಗೆ ಅನ್ನುವುದನ್ನು ಪರದೆ ನೋಡಿ ಕಲಿಯಲು ಆಗುವುದಿಲ್ಲ, ಅಲ್ವಾ?

ಇಲ್ಲಿಯ ಇನ್ನೊಂದು ನಿಯಮ ರೈಫಲ್ ಆಯ್ಕೆಯನ್ನೇ ಕಟ್ಟಿಹಾಕುತ್ತದೆ. ಜಿಂಕೆಗೆ ಸೆಮಿ ಆಟೋಮ್ಯಾಟಿಕ್ ರೈಫಲ್, ಅಂದರೆ ಒಂದು ಈಡಾದ ಮೇಲೆ ಮುಂದಿನ ತೋಟೆಯನ್ನು ತಾನೇ ಏರಿಸಿಕೊಳ್ಳುವಂಥದ್ದು, ಬಳಸುವಂತಿಲ್ಲ. ಬೋಲ್ಟ್, ಲಿವರ್, ಪಂಪ್ ಹೀಗೆ ಪ್ರತಿ ಸಲ ಕೈಯಿಂದ ತೋಟೆ ಏರಿಸುವಂಥವೇ ಆಗಬೇಕು. ಗುಂಡು ಬಡಿದಾಗ ಅರಳುವಂಥದ್ದಿರಬೇಕು. ಪಿಟ್ಸ್‌ಬರ್ಗ್ ಇರುವ ಆಲಿಗೇನಿ ಕೌಂಟಿಯಲ್ಲೂ ಫಿಲಡೆಲ್ಫಿಯಾ ಸುತ್ತಿನ ಕೌಂಟಿಗಳಲ್ಲೂ ಜಿಂಕೆಗೆ ಸೆಂಟರ್‌ಫೈರ್ ರೈಫಲ್ಲೇ (ತೋಟೆಯ ತಳದ ನಡುವಿಗೆ ಬಡಿದು ಸಿಡಿಸುವಂಥದ್ದು) ಸಲ್ಲದು. ಶಾಟ್‌ಗನ್, ಮಸಲ್‌ಲೋಡರ್ (ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ) ಅಥವಾ ಬಿಲ್ಲು ಬೇಕು. ನಮ್ಮವರು ಜಾಸ್ತಿ ಇರುವುದು ಆ ಕಡೆಯೇ. ಆದ್ದರಿಂದ ಎಲ್ಲಿ ಬೇಟೆಯಾಡುತ್ತೀರಿ ಅಂತ ಗೊತ್ತಾಗದೆ ಅಂಗಡಿಗೆ ಹೋಗಬೇಡಿ. ಗೇಮ್ ಕಮಿಷನ್ ಪ್ರತಿ ವರ್ಷ ಡೈಜೆಸ್ಟ್ ಅನ್ನುವ ನಿಯಮಗಳ ಪುಸ್ತಕ ಕೊಡುತ್ತದೆ, ಅದನ್ನು ಓದಿ.

ನಾನು ಹೋಗುವುದು ರಾತ್‌ರಾಕ್ ಸ್ಟೇಟ್ ಫಾರೆಸ್ಟಿಗೆ. ಓಕ್ ಮರಗಳ ಉದ್ದುದ್ದ ಗುಡ್ಡಸಾಲು, ಇಳಿಜಾರಿನ ತುಂಬ ಸೊಂಟದೆತ್ತರದ ಮೌಂಟನ್ ಲಾರೆಲ್ ಪೊದೆ. ನಾನು ಕೂರುವ ಜಾಗಗಳಲ್ಲಿ ನೂರು ಗಜಕ್ಕಿಂತ ಆಚೆ ಕಾಣುವುದು ಅಪರೂಪ. ಇಲ್ಲಿಯ ಬೆಳೆದ ಜಿಂಕೆ ಹೆಚ್ಚೂಕಡಿಮೆ 50ರಿಂದ 70 ಕಿಲೋ ತೂಗುತ್ತದೆ. ನಮ್ಮ ಕಡವೆಯ ಗಾತ್ರದ ಪ್ರಾಣಿಯಲ್ಲ. ಇಷ್ಟು ಗೊತ್ತಾದ ಮೇಲೆ ಹೆಚ್ಚು ಮದ್ದು ತುಂಬಿದ ಮ್ಯಾಗ್ನಮ್ ತೋಟೆಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿದೆ.

ಅಂಗಡಿಯಲ್ಲಿ ಮೊದಲು ಕೈಗೆ ಕೊಟ್ಟದ್ದು ಸಾಮಾನ್ಯ ಅಳತೆಯ ರೈಫಲ್. ಹಿಂಬದಿಯ ಹಿಡಿ ಉದ್ದವಾಯಿತು. ಭುಜಕ್ಕೆ ಒರಗುವ ಬಟ್ಟಿನ ತುದಿಯಿಂದ ಟ್ರಿಗರ್‌ವರೆಗಿನ ಅಳತೆ ಸಾಮಾನ್ಯವಾಗಿ ಹದಿಮೂರೂವರೆ, ಹದಿಮೂರೂಮುಕ್ಕಾಲು ಇಂಚು ಇರುತ್ತದೆ. ನನಗೆ ಅಷ್ಟು ಇದ್ದರೆ ಕುತ್ತಿಗೆ ಮುಂದೆ ಚಾಚಬೇಕು, ಬೆನ್ನು ಹಿಂದೆ ಬಾಗಬೇಕು. ಸ್ಕೋಪಿನಲ್ಲಿ, ಅಂದರೆ ಗುರಿ ನೋಡುವ ದುರ್ಬೀನಿನಲ್ಲಿ, ಪೂರ್ತಿ ಚಿತ್ರದ ಬದಲು ಕಪ್ಪು ಅಂಚು ಕಾಣುತ್ತದೆ. ಡಿಸೆಂಬರ್ ಚಳಿಗೆ ದಪ್ಪ ಜಾಕೆಟ್ ಹಾಕಿದರೆ ಇನ್ನೂ ಒಂದು ಇಂಚು ಸೇರಿದ ಹಾಗೆ. ನಾನು ಬೇಟೆಯ ಜಾಕೆಟ್ಟನ್ನೇ ತೊಟ್ಟು ಅಂಗಡಿಗೆ ಹೋಗಿದ್ದೆ. ಸೆಪ್ಟೆಂಬರ್ ಬಿಸಿಲಲ್ಲಿ ಅಲ್ಲಿದ್ದವರು ವಿಚಿತ್ರವಾಗಿ ನೋಡಿದರು. ಆದರೆ ಈ ಪರೀಕ್ಷೆ ಎಲ್ಲರೂ ಮಾಡಲೇಬೇಕು. ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಸುರಕ್ಷಿತ ದಿಕ್ಕಿಗೆ ಹಿಡಿದು, ಕಣ್ಣು ಮುಚ್ಚಿ ರೈಫಲ್ ಭುಜಕ್ಕೇರಿಸಿ. ಆಮೇಲೆ ಕಣ್ಣು ತೆರೆಯಿರಿ. ಕತ್ತು ಆಡಿಸದೆ ಸ್ಕೋಪ್ ತುಂಬ ಚಿತ್ರ ಕಂಡರೆ ಆ ಅಳತೆ ನಿಮ್ಮದು.

ನನಗೆ ಕೂತದ್ದು ರೂಗರ್ ಅಮೆರಿಕನ್ ರೈಫಲ್‌ನ ಕಾಂಪ್ಯಾಕ್ಟ್ ಮಾದರಿ. ಅಳತೆ ಹನ್ನೆರಡೂವರೆ ಇಂಚು, ನಳಿಗೆ 18 ಇಂಚು. ಟಿಕ್ಕಾ ಟಿ3ಎಕ್ಸ್ ಕಾಂಪ್ಯಾಕ್ಟ್ ಕೂಡ ಹಿಡಿದು ನೋಡಿದೆ. ಅದರ ಬೋಲ್ಟ್ ಬೆಣ್ಣೆಯ ಹಾಗೆ ಜಾರುತ್ತದೆ, ನಿಜ. ಬೆಲೆ ಜಾಸ್ತಿ. ಉಳಿದ ದುಡ್ಡನ್ನು ಸ್ಕೋಪಿಗೂ ತೋಟೆಗಳಿಗೂ ಹಾಕುವುದು ಒಳ್ಳೆಯದು ಅನ್ನಿಸಿತು. ರೂಗರ್‌ನ ಟ್ರಿಗರ್ ಭಾರವನ್ನು ನಾವೇ 3ರಿಂದ 5 ಪೌಂಡ್ ನಡುವೆ ಹೊಂದಿಸಿಕೊಳ್ಳಬಹುದು. ನಾನು ಮೂರೂವರೆಗೆ ಇಟ್ಟೆ. ಚಳಿಯಲ್ಲಿ ಕೈಗವಸು ಹಾಕಿ ಒತ್ತುವಾಗ ಅದಕ್ಕಿಂತ ಹಗುರ ಬೇಡ.

ಕ್ಯಾಲಿಬರ್ ವಿಷಯಕ್ಕೆ ಬಂದದ್ದು ಇದಾದ ಮೇಲೆ. ಅಷ್ಟರಲ್ಲಿ ಪಟ್ಟಿ ತಾನಾಗಿಯೇ ಚಿಕ್ಕದಾಗಿತ್ತು. .243 ವಿಂಚೆಸ್ಟರ್, 7 ಎಂಎಂ-08 ರೆಮಿಂಗ್ಟನ್, .308 ವಿಂಚೆಸ್ಟರ್, 6.5 ಕ್ರೀಡ್‌ಮೂರ್. ಮೊದಲ ಮೂರು ಒಂದೇ ಮನೆತನದವು. 1952ರಲ್ಲಿ .308 ಬಂತು. ಅದರದ್ದೇ ತೋಟೆಯ ಕುತ್ತಿಗೆ ಕಿರಿದು ಮಾಡಿ 1955ರಲ್ಲಿ .243 ಆಯಿತು, 1980ರಲ್ಲಿ 7 ಎಂಎಂ-08 ಆಯಿತು. ಕ್ರೀಡ್‌ಮೂರ್ 2007ರದ್ದು, ದೂರದ ಗುರಿಗಾರಿಕೆಗೆ ಅಂತ ಹಾರ್ನಡಿ ಕಂಪನಿ ಮಾಡಿದ್ದು. ನೂರು ಗಜದೊಳಗೆ ಈ ನಾಲ್ಕರಲ್ಲಿ ಯಾವುದರಿಂದ ಹೊಡೆದರೂ, ಗುಂಡು ಸರಿಯಾದ ಜಾಗಕ್ಕೆ ಬಿದ್ದರೆ ಜಿಂಕೆ ಬೀಳುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಮುಖ್ಯವಾಗಿ ಒದೆತದಲ್ಲಿ, ಅಂದರೆ ಈಡು ಹಾರುವಾಗ ರೈಫಲ್ ಭುಜಕ್ಕೆ ಗುದ್ದುವ ಗುದ್ದಿನಲ್ಲಿ.

ಏಳೂವರೆ ಪೌಂಡ್ ತೂಕದ ರೈಫಲ್‌ನಲ್ಲಿ ಹೊಡೆದರೆ .243ರ ಒದೆತ ಸುಮಾರು 9, 10 ಅಡಿ ಪೌಂಡ್ (ಒದೆತದ ಬಲ ಹೇಳುವ ಅಳತೆ). 7 ಎಂಎಂ-08ರದ್ದು 13ರ ಆಸುಪಾಸು. .308ರದ್ದು 16, 17. ಥರ್ಟಿ ಆಟ್ ಸಿಕ್ಸ್ 20ರ ಹತ್ತಿರ ಹೋಗುತ್ತದೆ. ರೈಫಲ್ ಹಗುರವಾದಷ್ಟೂ ಈ ಅಂಕಿ ಏರುತ್ತದೆ. ನಾನು ಆರಿಸಿದ ಕಾಂಪ್ಯಾಕ್ಟ್ ಹಗುರವೇ. ಸಹೋದ್ಯೋಗಿಯೊಬ್ಬರು ತಮ್ಮ ಥರ್ಟಿ ಆಟ್ ಸಿಕ್ಸ್‌ನಲ್ಲಿ ನನಗೆ ಈಡು ಹೊಡೆಯಲು ಕೊಟ್ಟರು. ತಡೆದುಕೊಳ್ಳಲು ಆಗದ ಹಾಗೇನೂ ಇರಲಿಲ್ಲ. ಆದರೆ ಕೆಲವು ಈಡಾದ ಮೇಲೆ ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅದೇ ನನಗೆ ಉತ್ತರ ಕೊಟ್ಟಿತು. ಒದೆತಕ್ಕೆ ಹೆದರುವ ದೇಹ ಗುರಿಯನ್ನು ಎಳೆದುಬಿಡುತ್ತದೆ. ಆಗ ಗುಂಡು ಶ್ವಾಸಕೋಶ ಬಿಟ್ಟು ಹೊಟ್ಟೆಗೆ ಬೀಳುತ್ತದೆ. ಗಾಯಗೊಂಡ ಜಿಂಕೆ ಲಾರೆಲ್ ಪೊದೆಯೊಳಗೆ ಹೋಗಿ ಗಂಟೆಗಟ್ಟಲೆ ನರಳುತ್ತದೆ. ಕ್ಯಾಲಿಬರ್ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಂಡದ್ದು ಅದಕ್ಕಾಗಿಯೇ.

.243 ಒದೆತದಲ್ಲಿ ಎಲ್ಲಕ್ಕಿಂತ ಮೃದು. ಎಷ್ಟೋ ಜನ ಅದರಲ್ಲೇ ಜೀವನಪೂರ್ತಿ ಜಿಂಕೆ ಹೊಡೆಯುತ್ತಾರೆ. ಆದರೆ ಅದರ ಗುಂಡು ಸಾಮಾನ್ಯವಾಗಿ 100 ಗ್ರೇನ್ (ಗುಂಡಿನ ತೂಕದ ಅಳತೆ) ಮಾತ್ರ. ಜಿಂಕೆ ಓರೆಯಾಗಿ ನಿಂತಿದ್ದರೆ ಸ್ವಲ್ಪ ಭಾರದ ಗುಂಡು ಇರಲಿ ಅನ್ನಿಸಿತು. 140 ಗ್ರೇನ್ ಗುಂಡನ್ನು ಮಧ್ಯಮ ಒದೆತದಲ್ಲಿ ಕಳಿಸುವ 7 ಎಂಎಂ-08 ನನ್ನ ಭುಜಕ್ಕೂ ಮನಸ್ಸಿಗೂ ಒಪ್ಪಿತು. ಅದಕ್ಕೊಂದು ತೊಂದರೆ ಇದೆ. .308ರ ತೋಟೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಇದು ಹಾಗಲ್ಲ. 2020, 21ರ ಮದ್ದುಗುಂಡಿನ ಬರಗಾಲದಲ್ಲಿ ಇದು ಕಣ್ಣಿಗೇ ಬೀಳುತ್ತಿರಲಿಲ್ಲ ಅಂತ ಇಲ್ಲಿಯವರು ಈಗಲೂ ಹೇಳುತ್ತಾರೆ. ನಾನು ಬೇಸಿಗೆಯಲ್ಲೇ, ಸೀಸನ್ನಿನ ಗಲಾಟೆಗೆ ಮುಂಚೆ, ಒಂದೇ ಲಾಟಿನ ಪೆಟ್ಟಿಗೆಗಳನ್ನು ತೆಗೆದಿಟ್ಟುಕೊಳ್ಳುತ್ತೇನೆ.

ಗುಂಡಿನ ಆಯ್ಕೆಯಲ್ಲಿ ಮನೆಯ ಮಕ್ಕಳ ಯೋಚನೆ ಬಂತು. ಸೀಸದ ಗುಂಡು ಬಡಿದಾಗ ಸಣ್ಣ ಚೂರುಗಳಾಗಿ ಮಾಂಸದೊಳಗೆ ದೂರದವರೆಗೂ ಹರಡುತ್ತದೆ. ಕಣ್ಣಿಗೂ ಕಾಣುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ಪೆನ್ಸಿಲ್ವೇನಿಯಾದಲ್ಲಿ ಅಂಥ ನಿಷೇಧವಿಲ್ಲ. ಆದರೂ ಕಾಡಿಗೆ ನಾನು ಒಯ್ಯುವುದು ಬಾರ್ನ್ಸ್ ಕಂಪನಿಯ 120 ಗ್ರೇನ್ ತಾಮ್ರದ ಗುಂಡು. ತಾಮ್ರ ಒಡೆದು ಚೂರಾಗದೆ ಅರಳುವುದರಿಂದ ಈ ಹಗುರ ಗುಂಡೂ ಆಳಕ್ಕೆ ಇಳಿಯುತ್ತದೆ. ಒದೆತವೂ ಇನ್ನಷ್ಟು ಕಡಿಮೆ. ಬೆಲೆ ಜಾಸ್ತಿಯೇ, ಒಪ್ಪುತ್ತೇನೆ. ಅಭ್ಯಾಸಕ್ಕೆ ಕೋರ್‌ಲಾಕ್ಟ್ ಅನ್ನುವ ಅಗ್ಗದ 140 ಗ್ರೇನ್ ಸೀಸದ ಗುಂಡು ಹೊಡೆಯುತ್ತೇನೆ. ಸೀಸನ್ನಿಗೆ ಮುಂಚೆ ತಾಮ್ರದ ಗುಂಡಿಗೆ ಸ್ಕೋಪನ್ನು ಹೊಸದಾಗಿ ಹೊಂದಿಸುತ್ತೇನೆ. ಎರಡೂ ಒಂದೇ ಜಾಗಕ್ಕೆ ಬೀಳುತ್ತವೆ ಅಂತ ನಂಬುವಂತಿಲ್ಲ.

ಸ್ಕೋಪ್ ಮಾಮೂಲಿ 3-9x40, ಅಂದರೆ 3ರಿಂದ 9 ಪಟ್ಟು ಹತ್ತಿರ ತೋರಿಸುವಂಥದ್ದು. ಕಾಡಿನಲ್ಲಿ ಅದು 3ರಲ್ಲೇ ಇರುತ್ತದೆ. ಇಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ಆಚೆವರೆಗೆ ಬೇಟೆಗೆ ಅವಕಾಶ. ಜಿಂಕೆ ಹೊರಬರುವುದೂ ಆ ಮಬ್ಬಿನಲ್ಲೇ. ಅದಕ್ಕೇ ಗಾಜು ಒಳ್ಳೆಯದಿರಬೇಕು. ಹೆಚ್ಚು ಜೂಮ್ ಬೇಕಿಲ್ಲ.

ಅಭ್ಯಾಸಕ್ಕೆ ಸ್ಕೋಶಿಯಾ ರೇಂಜ್ ಹತ್ತಿರವಿದೆ, ಗೇಮ್ ಕಮಿಷನ್ನಿನದೇ. ಸ್ಕೋಪನ್ನು ನೂರು ಗಜಕ್ಕೆ ಹೊಂದಿಸಿದೆ. ಹಾಗೆ ಹೊಂದಿಸಿದರೆ 200 ಗಜದಲ್ಲಿ ಗುಂಡು ಮೂರೂವರೆ ಇಂಚಿನಷ್ಟು ಕೆಳಗಿಳಿಯುತ್ತದೆ. ಮೇಜಿನ ಮೇಲೆ ಮರಳುಚೀಲ ಇಟ್ಟು ಹೊಡೆದರೆ ಯಾರ ಗುಂಡುಗಳಾದರೂ ಒಂದೇ ಕಡೆ ಒತ್ತಾಗಿ ಬೀಳುತ್ತವೆ. ಕಾಡಿನಲ್ಲಿ ಮೇಜು ಎಲ್ಲಿದೆ? ಜಿಂಕೆಯ ಹೃದಯ, ಶ್ವಾಸಕೋಶದ ಜಾಗ ಸುಮಾರು 8 ಇಂಚಿನ ವೃತ್ತ. ಅಷ್ಟಗಲದ ಕಾಗದದ ತಟ್ಟೆ ಅಂಟಿಸಿ, ಕೂತು, ಮಂಡಿಯೂರಿ, ಮರಕ್ಕೆ ಒರಗಿದ ಹಾಗೆ ನಿಂತು ಹೊಡೆದೆ. ಎಲ್ಲ ಗುಂಡೂ ತಟ್ಟೆಯೊಳಗೆ ಬೀಳುವ ದೂರ ಎಷ್ಟೋ ಅದೇ ನನ್ನ ಬೇಟೆಯ ಮಿತಿ. ಕೂತರೆ ನೂರು ಗಜ. ನಿಂತರೆ ಐವತ್ತಕ್ಕಿಂತ ಆಚೆ ನಾನು ಹೊಡೆಯುವುದಿಲ್ಲ.

ಇದರ ಜೊತೆ ಚಿಕ್ಕ ತೋಟೆಯ ಒಂದು .22 ಬೋಲ್ಟ್ ರೈಫಲ್ ಕೊಂಡದ್ದು ಬಹಳ ಉಪಕಾರ ಮಾಡಿತು. ಒದೆತವೇ ಇಲ್ಲ, ತೋಟೆ ಅಗ್ಗ. ಉಸಿರು ಹಿಡಿಯುವುದು, ಟ್ರಿಗರ್ ಮೆಲ್ಲಗೆ ಒತ್ತುವುದು ಎಲ್ಲ ಅದರಲ್ಲೇ ಕಲಿತೆ. ದೊಡ್ಡ ರೈಫಲ್‌ಗೆ ಗೆಳೆಯರ ಕೈಲಿ ಸಿಡಿಯದ ಡಮ್ಮಿ ತೋಟೆ ಬೆರೆಸಿ ತುಂಬಿಸಿಕೊಳ್ಳುತ್ತೇನೆ. ಯಾವುದು ಡಮ್ಮಿ ಅಂತ ನನಗೆ ಗೊತ್ತಿರುವುದಿಲ್ಲ. ಟ್ರಿಗರ್ ಒತ್ತಿದಾಗ ನಳಿಗೆ ಅಲುಗಿದರೆ ಭಯ ಇನ್ನೂ ಇದೆ ಅಂತ ತಿಳಿಯುತ್ತದೆ. ಹದಿನೆಂಟು ಇಂಚಿನ ನಳಿಗೆಯ ಸದ್ದು ಜೋರು. ಹಾಗಾಗಿ ಕಿವಿಗೆ ಪ್ಲಗ್, ಅದರ ಮೇಲೆ ಮಫ್ ಎರಡೂ ಹಾಕುತ್ತೇನೆ. ಅರ್ಧ ಭಯ ಸದ್ದಿನದೇ.

ಆ ರೈಫಲ್‌ನಲ್ಲಿ ನನ್ನ ಮೊದಲ ಜಿಂಕೆ ಒಂದು ಹೆಣ್ಣು. ಅದಕ್ಕೆ ಬೇರೆ ಲೈಸೆನ್ಸ್ ಬೇಕು, ತೆಗೆದುಕೊಂಡಿದ್ದೆ. ಎಪ್ಪತ್ತು ಗಜದ ಒಳಗೆ, ಅಡ್ಡಲಾಗಿ ನಿಂತಿತ್ತು. ಮುಂಗಾಲಿನ ಹಿಂದೆ ಗುರಿಯಿಟ್ಟೆ. ಸ್ವಲ್ಪ ದೂರ ಓಡಿ ಬಿತ್ತು. ಒದೆತ ನೆನಪೇ ಇಲ್ಲ. ಈ ರಾಜ್ಯದಲ್ಲಿ ಜಿಂಕೆಗಳಿಗೆ ಸಿಡಬ್ಲ್ಯುಡಿ ಅನ್ನುವ ಮಿದುಳಿನ ರೋಗ ಇದೆ, 2012ರಲ್ಲಿ ಮೊದಲು ಕಂಡದ್ದು. ರೋಗದ ವಲಯಗಳಲ್ಲಿ ಹೊಡೆದ ಜಿಂಕೆಯ ತಲೆಯನ್ನು ಪರೀಕ್ಷೆಗೆ ಹಾಕುವ ಡಬ್ಬಿಗಳಿರುತ್ತವೆ. ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರ್‌ನಲ್ಲೇ ಇಟ್ಟೆ. ಈಗ ಮನೆಗೆ ಬೇಕಾದದ್ದಕ್ಕಿಂತ ಹೆಚ್ಚಾದರೆ ಹಂಟರ್ಸ್ ಶೇರಿಂಗ್ ದ ಹಾರ್ವೆಸ್ಟ್ ಅನ್ನುವ ಸಂಸ್ಥೆಯ ಮೂಲಕ ಕೊಡುತ್ತೇನೆ. ಅದು ಹಸಿದವರ ಊಟಕ್ಕೆ ಹೋಗುತ್ತದೆ.

ಮನೆಯಲ್ಲಿ ರೈಫಲ್ ಉಕ್ಕಿನ ಕಪಾಟಿನಲ್ಲಿರುತ್ತದೆ. ತೋಟೆಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಕಪಾಟಿನ ಬೆಲೆಯನ್ನೂ ಮೊದಲ ದಿನದಿಂದಲೇ ರೈಫಲ್‌ನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಹೋದ ವರ್ಷ ಆರಡಿ ಎತ್ತರದ ಗೆಳೆಯರೊಬ್ಬರು ನನ್ನದೇ ಮಾದರಿ ಕೊಳ್ಳಲು ಹೊರಟಿದ್ದರು. ಬೇಡ ಅಂದೆ. ರೇಂಜಿಗೆ ಕರೆದುಕೊಂಡು ಹೋಗಿ ನಾಲ್ಕಾರು ಜನರ ರೈಫಲ್ ಹಿಡಿಸಿದೆ. ಅವರಿಗೆ ಕೂತದ್ದು ಉದ್ದ ಹಿಡಿಯ .308.