4 ಎಕರೆ ಬಿಟ್ಟುಕೊಟ್ಟು 60 ಎಕರೆ ಉಳಿಸಿಕೊಂಡದ್ದು: ನನ್ನ ಅನುಭವ

ಹೆದ್ದಾರಿ ಅಗಲವಾದ ಮೇಲೆ ನಮ್ಮೂರ ಹೊಲ ಐದು ವರ್ಷವೂ ಉಳಿಯುವುದಿಲ್ಲ ಅಂದವರೇ ಜಾಸ್ತಿ. ಉಳಿದಿದೆ. ಸುಮಾರು 60 ಎಕರೆಯಲ್ಲಿ ಇವತ್ತಿಗೂ ರಾಗಿ, ತೊಗರಿ, ಹಿಪ್ಪುನೇರಳೆ ಬೆಳೆಯುತ್ತಿದ್ದೇವೆ. ಕ್ರಾಸ್ ಹತ್ತಿರದ 4 ಎಕರೆಯಲ್ಲಿ ಹೋಟೆಲ್, ಟೈರ್ ಅಂಗಡಿ, ಗೋದಾಮು ನಡೆಯುತ್ತಿವೆ.

ಮೊದಲು ಆಣೆ ಮಾಡಿದೆವು. ಹದಿನಾಲ್ಕು ಮನೆಯವರು ದೇವಸ್ಥಾನದಲ್ಲಿ ಕೂತು, ಯಾರೂ ಮಾರಬಾರದು ಅಂತ ಮಾತಾಯಿತು. ಆದರೆ 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ರೈತರಲ್ಲದವರೂ ಜಮೀನು ಕೊಳ್ಳುವ ಹಾಗಾಯಿತು. ಬ್ರೋಕರುಗಳು ಮನೆಮನೆಗೆ ಬಂದರು. ರಸ್ತೆ ಮುಖದ ಎಕರೆಗೆ 80-90 ಲಕ್ಷ, ಕೆರೆ ಕಡೆಯದಕ್ಕೆ ಅದರ ಕಾಲು ಭಾಗ. ಒಂದು ಮನೆಗೆ ಆಸ್ಪತ್ರೆ ಖರ್ಚು ಬಂತು. ಒಂದೂವರೆ ಎಕರೆ ಹೋಯಿತು, ಅದರ ಜೊತೆ ಆಣೆಯೂ ಹೋಯಿತು.

ಆಮೇಲೆ ಒಬ್ಬ ಸಲಹೆಗಾರರು ಟ್ರಸ್ಟ್ ಮಾಡಿ, ಜಮೀನೆಲ್ಲ ಅದರ ಹೆಸರಿಗೆ ಹಾಕಿ ಅಂದರು. ಸರ್ವೆ, ಕರಡು ಪತ್ರ, ಓಡಾಟ ಸೇರಿ ಎರಡು ಲಕ್ಷದ ಹತ್ತಿರ ಕರಗಿತು. ಪಹಣಿಯಿಂದ, ಅಂದರೆ ಜಮೀನು ಯಾರದು ಅಂತ ತೋರಿಸುವ ದಾಖಲೆಯಿಂದ, ಹೆಸರು ಹೋಗುತ್ತದೆ ಅಂತ ಗೊತ್ತಾದ ಕೂಡಲೇ ಯಾರೂ ಸಹಿ ಹಾಕಲಿಲ್ಲ. ಸಹಿ ಹಾಕದೆ ಇದ್ದದ್ದೇ ಸರಿ. ಪಹಣಿ ಇಲ್ಲದೆ ಬೆಳೆ ಸಾಲಕ್ಕೆ ಎಲ್ಲಿಗೆ ಹೋಗುವುದು?

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಒಳ್ಳೆಯದೇ. ಆದರೆ ಸ್ವಂತ ಪಹಣಿಯ ರಾಗಿ ಹೊಲಕ್ಕೆ ಅಂಥ ರಕ್ಷಣೆ ಯಾರು ಕೊಡುತ್ತಾರೆ? ನಾವೇ ಮಾಡಿಕೊಳ್ಳಬೇಕು, ಅಲ್ವಾ?

ನಮ್ಮಲ್ಲಿ ಜಮೀನು ಕೈಬಿಡುವುದು ಹೆಚ್ಚಾಗಿ ತುರ್ತಿಗೆ. ಮದುವೆ, ಆಸ್ಪತ್ರೆ, ಫೀಸು. ಹಾಗಾಗಿ ಕೈಗೆ ಸಿಗುವ ದುಡ್ಡು ಮೊದಲು ಬೇಕು ಅಂತ ನಾನು ಹಟ ಹಿಡಿದೆ.

ಕ್ರಾಸ್ ಹತ್ತಿರದ 4 ಎಕರೆ ಕಲ್ಲು ನೆಲ, ಎರಡು ಮನೆಯವರದು. ಭೂ ಕಂದಾಯ ಕಾಯ್ದೆಯ 95ನೇ ಕಲಂನಲ್ಲಿ ಅದಕ್ಕೆ ಮಾತ್ರ ಕನ್ವರ್ಷನ್ ಮಾಡಿಸಿದೆವು, ಅಂದರೆ ಕೃಷಿಯಲ್ಲದ ಬಳಕೆಗೆ ಬದಲಾಯಿಸಿಕೊಂಡೆವು. ಖರ್ಚನ್ನು ಎಲ್ಲರೂ ಹಂಚಿಕೊಂಡೆವು. ರಾಷ್ಟ್ರೀಯ ಹೆದ್ದಾರಿಗೆ ದಾರಿ ಕೂಡಿಸಲು ಅನುಮತಿ ಬೇಕು. ಪ್ರತಿ ಮನೆಯವರೂ ಬೇರೆ ಬೇರೆ ದಾರಿ ಕೇಳಿದ್ದರೆ ಒಬ್ಬರಿಗೂ ಸಿಗುತ್ತಿರಲಿಲ್ಲ. ಒಂದೇ ದಾರಿ, ಗಾಡಿ ನಿಧಾನ ಮಾಡಿ ಒಳಗೆ ಬರಲು ಪಕ್ಕದಲ್ಲೊಂದು ಲೇನ್. ಮಟ್ಟ ಮಾಡಿಸಿದ್ದೂ ಸೇರಿ ಹತ್ತು ಹನ್ನೊಂದು ಲಕ್ಷ ಆಯಿತು ಅಂತ ನೆನಪು.

ಬಾಡಿಗೆ ಈಗ ತಿಂಗಳಿಗೆ ಎರಡು ಲಕ್ಷದ ಆಸುಪಾಸು. ಅರ್ಧ ಆ ಎರಡು ಮನೆಗೆ. ಉಳಿದರ್ಧ ತಮ್ಮ ರಸ್ತೆ ಮುಖವನ್ನು ಹೊಲವಾಗಿಯೇ ಬಿಟ್ಟವರಿಗೆ, ಕೆರೆ ಕಡೆಯವರಿಗೂ ಅದರಲ್ಲೇ ಪಾಲು. ಕೆರೆ ಕಡೆಯವರ ಪಾಲನ್ನು ಹೇಗೆ ಲೆಕ್ಕ ಹಾಕಿದೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೂಡಿಸಲು ನನಗೆ ತುಂಬಾ ರಾತ್ರಿ ಹಿಡಿದಿದೆ. ಬಾಡಿಗೆದಾರರ ಅಡ್ವಾನ್ಸ್ ಯಾರಿಗೂ ಹಂಚಲಿಲ್ಲ. ಜಂಟಿ ಖಾತೆಯಲ್ಲಿಟ್ಟೆವು. ತುರ್ತು ಬಂದ ಮನೆಯವರು ಅದರಿಂದ ತೆಗೆದುಕೊಂಡು, ತಮ್ಮ ಬಾಡಿಗೆ ಪಾಲಿನಲ್ಲಿ ತೀರಿಸುತ್ತಾರೆ. ಮಾರಲೇಬೇಕು ಅಂದರೆ ಮೊದಲು ನಮ್ಮೊಳಗೆ ಕೇಳಬೇಕು ಅಂತ ರಿಜಿಸ್ಟರ್ ಮಾಡಿದ ಕರಾರೂ ಇದೆ. ಆ ಜಂಟಿ ಖಾತೆ ಶುರುವಾದ ಮೇಲೆ ಒಂದು ಗುಂಟೆಯೂ ಹೊರಗೆ ಹೋಗಿಲ್ಲ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ರಸ್ತೆ ಧೂಳು ಹಿಪ್ಪುನೇರಳೆ ಸೊಪ್ಪಿಗೆ ಕೂತರೆ ರೇಷ್ಮೆ ಹುಳ ಸರಿಯಾಗಿ ತಿನ್ನುವುದಿಲ್ಲ. ಹೆದ್ದಾರಿ ಮಧ್ಯದಿಂದ 40 ಮೀಟರ್ ಒಳಗೆ ಹೇಗೂ ಕಟ್ಟಡ ಕಟ್ಟುವ ಹಾಗಿಲ್ಲ. ನಮ್ಮ ಜಮೀನಿನ ಆ ಪಟ್ಟಿಯಲ್ಲಿ ಹೆಬ್ಬೇವಿನ ಮರ ಹಾಕಿದೆ. ಎತ್ತರಕ್ಕೆ ಬೆಳೆಯಿತು, ಧೂಳು ಬುಡದಲ್ಲೇ ನುಗ್ಗಿ ಬಂತು! ಕೆಳಗೆ ಗ್ಲಿರಿಸಿಡಿಯಾ ಗಿಡ ಒತ್ತಾಗಿ ನೆಟ್ಟ ಮೇಲೆ ಧೂಳು ನಿಂತಿತು, ಹಸಿರೆಲೆ ಗೊಬ್ಬರವೂ ಸಿಕ್ಕಿತು. ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನು ಒಂದು ಅಂತ ಲೆಕ್ಕ) 50 ಕೆಜಿ ಗೂಡು ಬರುತ್ತಿದ್ದದ್ದು ಈಗ 65ರ ಹತ್ತಿರ ಬರುತ್ತಿದೆ. ಸಾಲುಗಳ ಅಂತರ ಬೇಕಾದವರು ಬಂದು ಅಳೆದುಕೊಂಡು ಹೋಗಲಿ.

ಈಗ ಕೋಲ್ಡ್ ಸ್ಟೋರೇಜ್ ಮಾಡುವವರು ಇನ್ನೂ ಎರಡು ಎಕರೆ ಕೇಳುತ್ತಿದ್ದಾರೆ. ಹೊಸ ನೆಲ ಕೊಡುವುದಿಲ್ಲ, ಗೋದಾಮಿನ ಜಾಗದಲ್ಲೇ ಅಂತಸ್ತು ಏರಿಸಿಕೊಳ್ಳಿ ಅಂದಿದ್ದೇವೆ. ಒಪ್ಪುವ ಹಾಗೆ ಕಾಣುತ್ತದೆ.