ಕೂತು ಕಾಯುವವರಿಗೆ ಎಂಥ ಬೂಟು ಬೇಕು: ನನ್ನ ಅನುಭವ

ಹಿಮಚಿರತೆ ನೋಡಲು ಹೋಗುವವರು ಮೊದಲು ಕೇಳುವುದು ಕ್ಯಾಮೆರಾ ಬಗ್ಗೆ. ಯಾವ ಲೆನ್ಸು, ಎಷ್ಟು ಬ್ಯಾಟರಿ, ಟ್ರೈಪಾಡ್ ಹೊರಬೇಕಾ ಅಂತ. ನಾನು ಯಾವಾಗಲೂ ಬೂಟಿನಿಂದ ಮಾತು ಶುರು ಮಾಡುತ್ತೇನೆ. ಕೈಗೆ ಚಳಿಯಾದರೆ ಕಂಕುಳಲ್ಲಿ ಇಟ್ಟುಕೊಳ್ಳಬಹುದು. ಕಾಲು ಮರಗಟ್ಟಿದರೆ ಜಾಗ ಬಿಟ್ಟು ಏಳಲೇಬೇಕು. ಬೆಳಗಿನಿಂದ ಕಾದಿದ್ದೆಲ್ಲ ಅಲ್ಲಿಗೆ ಮುಗಿಯಿತು.

ನಾನು ತುಮಕೂರಿನವಳು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಇದೆಯಲ್ಲ, ಅಲ್ಲಿನ ಹುಲ್ಲುಗಾವಲಿನಲ್ಲಿ ಹತ್ತಿದ ಹುಚ್ಚು ಇದು. ಅಲ್ಲಿ ಡಿಸೆಂಬರ್ ಬೆಳಗಿನ ಚಳಿಗೆ ಒಂದು ಸ್ವೆಟರ್, ಒಂದು ಕ್ಯಾನ್ವಾಸ್ ಶೂ ಸಾಕು. ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಹಾಗಲ್ಲ. ಊರು ಇರುವುದೇ ಸುಮಾರು 4,200 ಮೀಟರ್ ಎತ್ತರದಲ್ಲಿ. ಹಿಮಚಿರತೆ ಕಾಣುವ ಸಾಧ್ಯತೆ ಜಾಸ್ತಿ ಇರುವುದು ಜನವರಿಯಿಂದ ಮಾರ್ಚ್‌ವರೆಗೆ. ಆಗ ಅವು ಜೋಡಿ ಹುಡುಕಿಕೊಂಡು ಓಡಾಡುತ್ತವೆ, ಭರಲ್ ಎಂಬ ಕಾಡುಕುರಿಗಳ ಹಿಂದೆ ಕೆಳಗೆ ಇಳಿಯುತ್ತವೆ. ಅದೇ ತಿಂಗಳುಗಳಲ್ಲಿ ರಾತ್ರಿ ಮೈನಸ್ 20, ಮೈನಸ್ 25 ಆಗುತ್ತದೆ. ಹಗಲು ಬಿಸಿಲಿದ್ದರೂ ಗಾಳಿ ಬೀಸಿತೆಂದರೆ ಮುಗಿಯಿತು.

ಕಿಬ್ಬರ್ ಮತ್ತು ಪಕ್ಕದ ಊರು ಚಿಚಮ್ ನಡುವೆ ಆಳವಾದ ಕೊರಕಲು ಇದೆ. ಅದರ ಅಂಚಿನಲ್ಲಿ ದುರ್ಬೀನು ಹಿಡಿದು ಎದುರಿನ ಬಂಡೆಗಳನ್ನು ಒಂದೊಂದಾಗಿ ನೋಡುತ್ತಾ ಕೂರಬೇಕು. ಊರಿನಿಂದ ಅಲ್ಲಿಗೆ ನಡೆಯುವುದು ಸ್ವಲ್ಪ ಹೊತ್ತು. ಕೂರುವುದು ಗಂಟೆಗಟ್ಟಲೆ. ಬೂಟು ಆರಿಸುವಾಗ ನನ್ನ ತಲೆಯಲ್ಲಿ ಇದ್ದದ್ದು ಈ ಒಂದೇ ಲೆಕ್ಕ. ನಡೆಯುವ ಹೊತ್ತಿಗೆ ಅಲ್ಲ, ಕೂರುವ ಹೊತ್ತಿಗೆ ಬೂಟು ಬೇಕು.

ಅಂಗಡಿಯವರು ತೋರಿಸುವುದು ಬಹುತೇಕ ಚಾರಣದ ಶೂ. ಅದು ನಡೆಯುವವರದು. ನಡೆಯುವಾಗ ಕಾಲಿನ ಸ್ನಾಯುಗಳೇ ಶಾಖ ಹುಟ್ಟಿಸುತ್ತವೆ, ಶೂ ಅದನ್ನು ಸ್ವಲ್ಪ ಹಿಡಿದಿಟ್ಟರೆ ಸಾಕು. ಕೂತಾಗ ಆ ಒಲೆ ಆರಿಹೋಗುತ್ತದೆ. ದೇಹ ಎದೆ, ಹೊಟ್ಟೆಯನ್ನು ಕಾಪಾಡಲು ನೋಡುತ್ತದೆ, ಕಾಲಿಗೆ ರಕ್ತ ಕಡಿಮೆ ಕಳಿಸುತ್ತದೆ. ಆಗ ಇರುವ ಶಾಖವನ್ನು ಸೋರದಂತೆ ಇಟ್ಟುಕೊಳ್ಳುವುದೊಂದೇ ದಾರಿ.

ಹೀಗೆ ಅಲ್ಲಾಡದೆ ಕೂರುವವರಿಗೆಂದೇ ಬೂಟು ಮಾಡುವವರು ಇದ್ದಾರೆ. ಅವರು ಮಾಡುವುದು ಬೇಟೆಗಾರರಿಗೆ. ಕೆನಡಾದಲ್ಲಿ, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಜಿಂಕೆ ಬೇಟೆಯವರು ಮರದ ಮೇಲೆ ಅಟ್ಟಣೆ ಕಟ್ಟಿ ಹಿಮದಲ್ಲಿ ಬೆಳಗಿನಿಂದ ಕೂತಿರುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ. ಅದು ಹಾಗೇ ಇರಬೇಕು ಅನ್ನುವವಳು ನಾನು. ಆದರೆ ಕಾಲಿಗೆ ಕೋವಿ ಯಾವುದು, ಕ್ಯಾಮೆರಾ ಯಾವುದು ಗೊತ್ತಾಗುವುದಿಲ್ಲವಲ್ಲ. ಅವರ ಬೂಟಿನ ಬಗ್ಗೆ ಓದಿದ್ದೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಓದಿದ್ದರಲ್ಲಿ ಮನಸ್ಸಿಗೆ ತಟ್ಟಿದ್ದು ಕೊರಿಯಾ ಯುದ್ಧದ ಸಂಗತಿ. 1950ರ ಕೊನೆಯಲ್ಲಿ ಚೋಸಿನ್ ಜಲಾಶಯದ ಹತ್ತಿರ ಕಾಳಗ ನಡೆಯಿತು. ಮೈನಸ್ 30ರ ಆಸುಪಾಸಿನ ಚಳಿ. ಅಮೆರಿಕದ ಸೈನಿಕರಿಗೆ ಕೊಟ್ಟಿದ್ದ ಬೂಟಿಗೆ ಪಾದದ ಭಾಗ ರಬ್ಬರಿನದು, ಮೇಲೆ ಚರ್ಮ, ಒಳಗೆ ಫೆಲ್ಟ್, ಅಂದರೆ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ನಡೆಯುವಾಗ ಕಾಲು ಬೆವರುತ್ತಿತ್ತು. ರಬ್ಬರ್ ದಾಟಿ ಬೆವರು ಹೊರಗೆ ಹೋಗುತ್ತಿರಲಿಲ್ಲ. ನಿಂತ ಕೂಡಲೇ ಅದೇ ಬೆವರು ಒಳಗೆ ಹೆಪ್ಪುಗಟ್ಟುತ್ತಿತ್ತು. ಸಾವಿರಾರು ಸೈನಿಕರಿಗೆ ಫ್ರಾಸ್ಟ್‌ಬೈಟ್ ಆಯಿತು, ಅಂದರೆ ಚಳಿಗೆ ಚರ್ಮ, ಮಾಂಸವೇ ಹೆಪ್ಪುಗಟ್ಟಿತು. ಆಮೇಲೆ ಆ ಸೇನೆ ಬೇರೆ ಥರದ ಬೂಟು ತಂದಿತು. ಎರಡು ರಬ್ಬರ್ ಪದರಗಳ ನಡುವೆ ಉಣ್ಣೆಯನ್ನು ಗಾಳಿಯಾಡದಂತೆ ಮುಚ್ಚಿದ್ದು. ಕಾಲು ಬೆವರಿದರೂ ಆ ಉಣ್ಣೆ ಒದ್ದೆಯಾಗುವುದಿಲ್ಲ. ಈ ಬೂಟಿನ ಬಿಳಿ ಬಣ್ಣದ ಮಾದರಿಯನ್ನು ಮೈನಸ್ 50 ದಾಟಿದ ಚಳಿಗೆಂದೇ ಮಾಡಿದ್ದರು. ಇದನ್ನು ಓದಿದ ಮೇಲೆ ಹೊರಗಿನ ಹಿಮಕ್ಕಿಂತ ಒಳಗಿನ ಬೆವರಿಗೆ ಜಾಸ್ತಿ ಹೆದರಬೇಕು ಅನ್ನುವುದು ನನಗೆ ಖಚಿತವಾಯಿತು.

ಇನ್ನು ಡಬ್ಬದ ಮೇಲಿನ ಅಂಕಿಗಳು. ‘ಮೈನಸ್ 40ರವರೆಗೆ’ ಎಂದು ಬರೆದಿರುತ್ತಾರೆ. ಆ ಅಂಕಿ ನಡೆಯುವ ಕಾಲಿಗೋ, ಕೂತ ಕಾಲಿಗೋ, ಎಷ್ಟು ಹೊತ್ತಿಗೋ ಎಂದು ಬರೆದಿರುವುದಿಲ್ಲ. ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತದೆ. ನಾನು ಅದನ್ನು ಬೂಟು ಬೂಟಿಗೆ ಹೋಲಿಸಲು ಕೂಡ ಬಳಸಲಿಲ್ಲ. ಇನ್ನೊಂದು, ಥಿನ್ಸುಲೇಟ್ 400 ಗ್ರಾಂ, 800 ಗ್ರಾಂ ಅಂತ ಇರುತ್ತದೆ. ಥಿನ್ಸುಲೇಟ್ ಅಂದರೆ ಬೆಚ್ಚಗಿಡಲು ಬೂಟಿನೊಳಗೆ ತುಂಬುವ ಒಂದು ಸಿಂಥೆಟಿಕ್ ನಾರು. ಅದು ಬೂಟಿನ ತೂಕವಲ್ಲ, ಒಂದು ಚದರ ಮೀಟರ್ ಪದರಕ್ಕೆ ಎಷ್ಟು ಗ್ರಾಂ ನಾರು ತುಂಬಿದ್ದಾರೆ ಅನ್ನುವ ಲೆಕ್ಕ. 200 ಇದ್ದರೆ ಓಡಾಡುವವರಿಗೆ. ಕೂರುವವರು 800, 1000 ಅಥವಾ ಅದಕ್ಕಿಂತ ಮೇಲೆ ನೋಡಬೇಕು. ಆದರೆ ಆ ನಾರು ಇರುವುದು ಹೆಚ್ಚಾಗಿ ಪಾದದ ಸುತ್ತಮುತ್ತ. ಚಳಿ ಹತ್ತುವುದು ಅಡಿಯಿಂದ. ಅಂಗಾಲಿನ ಕೆಳಗೆ ಏನಿದೆ ಅನ್ನುವುದು ಆ ಅಂಕಿಯಲ್ಲಿ ಇರುವುದಿಲ್ಲ.

ಕೆಲವರು ನನ್ನನ್ನು ಗಂಬೂಟು ಸಾಲದಾ ಎಂದು ಕೇಳಿದ್ದಾರೆ. ಲಡಾಖ್‌ನಲ್ಲಿ ಹೆಪ್ಪುಗಟ್ಟಿದ ಝನ್ಸ್ಕಾರ್ ನದಿಯ ಮೇಲೆ ನಡೆಯುವ ಸ್ಥಳೀಯರು ದಪ್ಪ ಉಣ್ಣೆ ಸಾಕ್ಸ್ ಹಾಕಿ ಗಂಬೂಟಿನಲ್ಲೇ ಹೋಗುತ್ತಾರೆ. ನೀರಲ್ಲಿ ಇಳಿಯಬೇಕಾಗುತ್ತದೆ, ಅವರು ನಡೆಯುತ್ತಲೇ ಇರುತ್ತಾರೆ, ಅಲ್ಲಿಗೆ ಅದು ಸರಿ. ಕೂರುವವರಿಗೆ ಸಾಲದು. ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನೆಂಟರೊಬ್ಬರು ಸೇಫ್ಟಿ ಶೂ ಕೊಡಿಸಲು ಬಂದಿದ್ದರು. ಪ್ರೀತಿಯಿಂದಲೇ ಬೇಡ ಅಂದೆ. ಬೆರಳಿನ ಮುಂದೆ ಉಕ್ಕಿನ ಟೊಪ್ಪಿ ಇರುತ್ತದೆ. ಬೆರಳು ಆಡಿಸಲು ಜಾಗವಿರುವುದಿಲ್ಲ.

ನಾನು ಕೊನೆಗೆ ತೆಗೆದುಕೊಂಡದ್ದು ಫೆಲ್ಟ್ ಲೈನರ್, ಅಂದರೆ ಒಳಗಿನ ಬೆಚ್ಚನೆಯ ಪದರ, ಪೂರ್ತಿ ಹೊರಗೆ ಬರುವ ಬೂಟು. ಕೆಳಗೆ ರಬ್ಬರ್, ಮೇಲೆ ಚರ್ಮ. ಹೆಚ್ಚುಕಡಿಮೆ ಚೋಸಿನ್‌ನಲ್ಲಿ ಸೈನಿಕರು ಹಾಕಿದ್ದ ಬಗೆಯದೇ. ಹಾಗಾದರೆ ಯಾಕೆ ಕೊಂಡೆ? ಆ ಸೈನಿಕರಿಗೆ ಬೂಟು ಬಿಚ್ಚಿ ಒಣಗಿಸಲು ಬಿಡುವೇ ಇರಲಿಲ್ಲ. ನನಗೆ ಪ್ರತಿ ರಾತ್ರಿ ಒಲೆ ಇರುವ ಮನೆ ಇರುತ್ತದೆ. ಲೈನರ್ ಹೊರಗೆ ಬಂದರೆ ರಾತ್ರಿ ಒಣಗುತ್ತದೆ. ಒಳಗೇ ಹೊಲಿದ ಬೂಟು ಒದ್ದೆಯಾದರೆ ಆ ಚಳಿಯಲ್ಲಿ ಒಣಗಿಸಲು ಆಗುವುದಿಲ್ಲ, ಮಾರನೆಯ ದಿನ ಇನ್ನೂ ತಣ್ಣಗಿರುತ್ತದೆ. ಒಂದೇ ದಿನಕ್ಕೆ ಹೋಗುವವರಿಗೆ ಇದು ಮುಖ್ಯವಲ್ಲ. ಹಲವು ದಿನ ಇರುವವರಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಇಂಥ ಬೂಟು ಹೊರದೇಶದಿಂದ ತರಿಸಿದರೆ ಹತ್ತು ಸಾವಿರ ದಾಟುವುದು ಸಾಮಾನ್ಯ. ಭಾರವೂ ಇರುತ್ತದೆ. ದೂರ ನಡೆಯುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಅಳತೆ ನೋಡಿದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ. ಸಂಜೆ ಹೊತ್ತಿಗೆ ಹೋಗಿದ್ದೆ, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಹಾಕುವ ದಪ್ಪ ಸಾಕ್ಸ್ ಜೊತೆಗೇ ಒಯ್ದಿದ್ದೆ. "ಮೇಡಂ, ಇದು ಕರೆಕ್ಟಾಗಿ ಕೂತಿದೆ ನೋಡಿ" ಎಂದ ಹುಡುಗನಿಗೆ, "ಕರೆಕ್ಟಾಗಿ ಕೂರಬಾರದು ಕಣಪ್ಪ, ಒಂದು ಸೈಜು ದೊಡ್ಡದು ಕೊಡು" ಅಂದೆ. ಬಿಗಿ ಬೂಟು ಎರಡು ತೊಂದರೆ ಮಾಡುತ್ತದೆ. ರಕ್ತ ಓಡಲು ಬಿಡುವುದಿಲ್ಲ. ಉಣ್ಣೆಯೊಳಗಿನ ಗಾಳಿಯನ್ನು ಹಿಂಡಿಬಿಡುತ್ತದೆ. ಬೆಚ್ಚಗಿಡುವುದು ನಿಜವಾಗಿ ಆ ಗಾಳಿಯೇ. ಚಳಿಗೆ ಹೆದರಿ ಮೂರು ಜೊತೆ ಸಾಕ್ಸ್ ತುರುಕುವವರ ಕಾಲು ಮೊದಲು ಮರಗಟ್ಟುವುದು ಇದಕ್ಕೇ. ಐದೂ ಬೆರಳು ಒಳಗೆ ಸಲೀಸಾಗಿ ಆಡಬೇಕು, ಹಿಮ್ಮಡಿ ಮಾತ್ರ ಎದ್ದೇಳಬಾರದು. ಹೆಂಗಸರ ಅಳತೆಯಲ್ಲಿ ಇಂಥ ಬೂಟು ಇಲ್ಲಿ ಸಿಗುವುದು ಅಪರೂಪ. ನಾನು ಗಂಡಸರ ಚಿಕ್ಕ ಸೈಜನ್ನೇ ಆರಿಸಿದೆ, ಬೆರಳಿನ ಕಡೆ ಅಗಲವಿದ್ದದ್ದು ಒಳ್ಳೆಯದೇ ಆಯಿತು.

ತುಮಕೂರಿನಲ್ಲಿ ಕೂತು ಮೈನಸ್ ಚಳಿಯಲ್ಲಿ ಬೂಟು ಪರೀಕ್ಷೆ ಮಾಡುವುದು ಹೇಗೆ? ಪರಿಚಯದ ಹುಡುಗನೊಬ್ಬ ಐಸ್‌ಕ್ರೀಮ್ ಸಗಟು ವ್ಯಾಪಾರ ಮಾಡುತ್ತಾನೆ. ಐಸ್‌ಕ್ರೀಮ್ ಇಡುವ ಕೋಣೆ ಮೈನಸ್ 18 ಅಥವಾ ಅದಕ್ಕಿಂತ ಕೆಳಗೆ ಇರುತ್ತದೆ. ನೆಲ ಸಿಮೆಂಟಿನದು, ಅದೂ ಅಷ್ಟೇ ತಣ್ಣಗೆ.

"ಒಳಗೆ ಹೋಗಿ ಸುಮ್ನೆ ನಿಂತ್ಕೊಳ್ಳೋಕಾ ಅಕ್ಕ?" ಅಂದ.

"ಹೂಂ ಕಣೋ. ಓಡಾಡಬಾರದು, ನಿಂತೇ ಇರಬೇಕು."

"ಹಂಗಾದ್ರೆ ನಾನು ಬಾಗ್ಲಲ್ಲೇ ಇರ್ತೀನಿ. ಆಗಾಗ ತಟ್ತೀನಿ, ನೀವೂ ತಿರುಗಿ ತಟ್ಬೇಕು."

ಅವನ ಷರತ್ತು ಸರಿಯಾದದ್ದು. ಇದನ್ನು ಯಾರೇ ಮಾಡಲಿ, ಒಬ್ಬರೇ ಮಾಡಬಾರದು, ಬಾಗಿಲು ಒಳಗಿನಿಂದ ತೆರೆಯುತ್ತದಾ ನೋಡಿಕೊಳ್ಳಬೇಕು. ಮೈಗೆ ಸ್ಪಿತಿಗೆ ಹಾಕುವ ಬಟ್ಟೆಯನ್ನೇ ಹಾಕಿದ್ದೆ. ಎಡಗಾಲು ನೇರ ಸಿಮೆಂಟಿನ ಮೇಲೆ. ಬಲಗಾಲಿನ ಕೆಳಗೆ ಮಲಗುವ ಫೋಮ್ ಚಾಪೆಯ ತುಂಡು, ಅದರ ಮೇಲೆ ಕಂಬಳಿಯ ತುಂಡು. ಬೂಟು, ಸಾಕ್ಸ್ ಎರಡಕ್ಕೂ ಒಂದೇ. ಮೊದಲು ವ್ಯತ್ಯಾಸವೇ ಇರಲಿಲ್ಲ. ಅರ್ಧ ಗಂಟೆ ಹೊತ್ತಿಗೆ ಎಡ ಅಂಗಾಲಿಗೆ ಚಳಿ ಹತ್ತಿತು, ಆಮೇಲೆ ಹೆಬ್ಬೆರಳಿಗೆ. ಬಲಗಾಲು ಬೆಚ್ಚಗೇ ಇತ್ತು. ಬೂಟಿಗೆ ಕೊಟ್ಟ ದುಡ್ಡಿನಷ್ಟೇ ಕೆಲಸವನ್ನು ಆ ಫೋಮ್ ತುಂಡು ಮಾಡಿತು.

ಕಂಬಳಿ ತುಂಡು ಸಿರಾ ಕಡೆಯದು. ಕುರಿ ಮೇಯಿಸುವ ಅಜ್ಜ ಒಬ್ಬರು ಹಳೇ ಕಂಬಳಿ ಕೊಟ್ಟಿದ್ದರು. "ನೆಂದ್ರೂ ಬೆಚ್ಚಗೇ ಇರ್ತದೆ ಕಣವ್ವ" ಅಂದಿದ್ದರು. ಉಣ್ಣೆಯ ಗುಣವೇ ಅದು. ನಾರಿನೊಳಗೆ ತೇವ ಹೀರಿಕೊಂಡರೂ ನಾರುಗಳ ನಡುವೆ ಗಾಳಿ ಉಳಿದಿರುತ್ತದೆ. ಹತ್ತಿ ಹಾಗಲ್ಲ, ನೆನೆದರೆ ಚರ್ಮಕ್ಕೆ ಅಂಟಿಕೊಂಡು ಶಾಖ ಎಳೆಯುತ್ತದೆ. ನಾವು ದಿನಾ ಹಾಕುವ ಹತ್ತಿ ಸಾಕ್ಸನ್ನು ಆ ಊರಿಗೆ ಒಯ್ಯಲೇಬೇಡಿ. ಒಳಗೆ ತೆಳು ಸಿಂಥೆಟಿಕ್ ಸಾಕ್ಸ್, ಮೇಲೆ ಒಂದು ದಪ್ಪ ಮೆರಿನೋ ಉಣ್ಣೆಯದು. ಇಷ್ಟೇ.

ಕಿಬ್ಬರ್‌ಗೆ ಚಳಿಗಾಲದಲ್ಲಿ ಮನಾಲಿ ಕಡೆಯಿಂದ ದಾರಿಯಿಲ್ಲ, ಕುಂಜುಮ್ ಘಟ್ಟದ ದಾರಿ ಹಿಮದಲ್ಲಿ ಮುಚ್ಚಿರುತ್ತದೆ. ಶಿಮ್ಲಾ, ರೆಕಾಂಗ್ ಪಿಯೋ, ನಾಕೋ, ತಾಬೋ, ಕಾಜಾ ಹೀಗೆ ಹೋಗಬೇಕು. ನಿಧಾನಕ್ಕೆ ಏರುವುದು ಉಸಿರಿಗೆ ಒಳ್ಳೆಯದು, ಕಾಲಿಗೂ ಒಳ್ಳೆಯದು. ಎತ್ತರಕ್ಕೆ ಒಗ್ಗದ ದೇಹ, ನೀರು ಕಡಿಮೆ ಕುಡಿದ ದೇಹ ಬೆರಳ ತುದಿಗೆ ರಕ್ತ ಮುಟ್ಟಿಸಲು ಒದ್ದಾಡುತ್ತದೆ. ಸಿಗರೇಟು ರಕ್ತನಾಳವನ್ನು ಇನ್ನೂ ಕಿರಿದು ಮಾಡುತ್ತದೆ.

ಅಲ್ಲಿ ನಾನು ಮಾಡುವುದು ಇಷ್ಟು. ಮನೆಯಿಂದ ಹೊರಡುವಾಗ ತೆಳು ಸಾಕ್ಸ್ ಮಾತ್ರ. ಲೇಸು ಸಡಿಲ, ಜಾಕೆಟ್ಟಿನ ಜಿಪ್ಪು ತೆರೆದಿರುತ್ತದೆ. ಸ್ವಲ್ಪ ಚಳಿ ಅನ್ನಿಸುವಷ್ಟು ನಿಧಾನಕ್ಕೆ ನಡೆಯುತ್ತೇನೆ, ಬೆವರಬಾರದು. ಅಂಚು ಮುಟ್ಟಿದ ಕೂಡಲೇ, ದುರ್ಬೀನು ತೆಗೆಯುವ ಮೊದಲೇ, ಆ ತೆಳು ಸಾಕ್ಸ್ ಬಿಚ್ಚಿ ಕಾಲು ಒರೆಸಿ ಒಣಗಿದ ಜೊತೆ ಹಾಕುತ್ತೇನೆ. ಗಾಳಿಯಲ್ಲಿ ಬರಿಗಾಲು ಮಾಡಲು ಮನಸ್ಸೇ ಬರುವುದಿಲ್ಲ. ಆದರೂ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಆಮೇಲೆ ಫೋಮ್ ಮೇಲೆ ಕೂರುವುದು, ಕಾಲ ಕೆಳಗೂ ಫೋಮ್. ಮರದ ಮೇಲೆ ಕೂರುವ ಬೇಟೆಗಾರರು ಬೂಟಿನ ಮೇಲೆಯೇ ಒಂದು ದಪ್ಪ ಚೀಲ ಹಾಕಿಕೊಳ್ಳುತ್ತಾರೆ. ನಾನು ಹಳೇ ರಜಾಯಿಯಿಂದ ಅಂಥದ್ದೇ ಜೊತೆ ಹೊಲಿಸಿದೆ. ಗಾಳಿ ತಡೆಯಲು ತುಂಬಾ ಚೆನ್ನಾಗಿದೆ. ಅದನ್ನು ಹಾಕಿ ನಡೆಯಬಾರದು, ಜಾರುತ್ತದೆ.

ಬೂಟಿನೊಳಗೆ ಇಟ್ಟುಕೊಳ್ಳುವ ಬಿಸಿ ಪ್ಯಾಕೆಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಳಗೆ ಕಬ್ಬಿಣದ ಪುಡಿ ಇರುತ್ತದೆ, ಗಾಳಿಯ ಆಮ್ಲಜನಕ ತಾಗಿ ತುಕ್ಕು ಹಿಡಿಯುವಾಗ ಶಾಖ ಬರುತ್ತದೆ. ಕಿಬ್ಬರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 60 ಪರ್ಸೆಂಟ್. ಅದರ ಮೇಲೆ ಮುಚ್ಚಿದ ಬೂಟು. ಅಲ್ಲಿ ಅದು ಊರಿನಲ್ಲಿ ಕಂಡಷ್ಟು ಬಿಸಿಯಾಗುವುದಿಲ್ಲ. ಒಂದೆರಡು ಚೀಲದಲ್ಲಿ ಇರಲಿ, ಅದನ್ನೇ ನಂಬಿ ಹೋಗಬೇಡಿ.

ಸಂಜೆ ಮನೆಗೆ ಬಂದರೆ ಮೊದಲ ಕೆಲಸ ಲೈನರ್ ಹೊರಗೆ ತೆಗೆಯುವುದು. ಸ್ಪಿತಿಯ ಮನೆಗಳಲ್ಲಿ ನಡುಮನೆಯಲ್ಲಿ ತಂದೂರ್ ಒಲೆ ಉರಿಯುತ್ತಿರುತ್ತದೆ. ಕೈ ಇಟ್ಟರೆ ಹಿತವಾಗಿ ಬೆಚ್ಚಗೆ ಅನ್ನಿಸುವಷ್ಟು ದೂರದಲ್ಲಿ ನೇತುಹಾಕಿ. ಹತ್ತಿರ ಇಟ್ಟರೆ ಫೆಲ್ಟ್ ಸುಡುತ್ತದೆ, ಬೂಟಿನ ಅಂಟು ಬಿಡುತ್ತದೆ. ರಾತ್ರಿ ಒಲೆ ಆರಿದ ಮೇಲೆ ಲೈನರ್‌ಗಳು ನನ್ನ ಹಾಸಿಗೆಯೊಳಗೇ ಇರುತ್ತವೆ.

ಕಾಲು ನೋಯುತ್ತಿದ್ದರೆ ಇನ್ನೂ ಸಮಯವಿದೆ ಎಂದರ್ಥ. ಎದ್ದು ಕಾಲು ಬೀಸಿ, ಬೆರಳು ಆಡಿಸಿ, ಏನಾದರೂ ತಿನ್ನಿ. ನೋವು ಹೋಗಿ ಸ್ಪರ್ಶವೇ ಗೊತ್ತಾಗದಿದ್ದರೆ, ಚರ್ಮ ಬೆಳ್ಳಗಾಗಿದ್ದರೆ, ಚಿರತೆ ಎದುರಿಗೇ ಇದ್ದರೂ ಎದ್ದು ಬಿಡಿ. ಹಿಮದಿಂದ ಉಜ್ಜಬಾರದು, ಕೈಯಿಂದಲೂ ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಸ್ಪರ್ಶ ಗೊತ್ತಾಗದ ಕಾಲಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಬೆಚ್ಚಗಿನ ನೀರು, 37ರಿಂದ 39 ಡಿಗ್ರಿ, ಅಷ್ಟೇ. ಅದೂ ಮತ್ತೆ ಚಳಿಗೆ ಒಡ್ಡುವ ಪ್ರಸಂಗ ಇಲ್ಲ ಅಂತಾದರೆ ಮಾತ್ರ. ಒಮ್ಮೆ ಕರಗಿದ ಬೆರಳು ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಜಾಸ್ತಿ. ಆಮೇಲೆ ನೇರ ಡಾಕ್ಟರ ಹತ್ತಿರ.

ಊರಿಗೆ ಬಂದ ಮೇಲೆ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಹಾಕಬೇಡಿ. ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಅಟ್ಟೆ ಇರುವ ಬೂಟಾದರೆ ಹಾಕದೇ ಇಟ್ಟರೂ ಗಾಳಿಯ ತೇವಕ್ಕೆ ವರ್ಷಗಳಲ್ಲಿ ಪುಡಿಯಾಗುತ್ತದೆ. ನಾನು ಲೈನರ್ ಬೇರೆ, ಬೂಟು ಬೇರೆ ಮಾಡಿ, ಒಳಗೆ ಹಳೇ ಪೇಪರ್ ತುಂಬಿ ಗಾಳಿಯಾಡುವ ಕಡೆ ಇಟ್ಟಿದ್ದೇನೆ. ಮುಂದಿನ ಸಲ ಹೊರಡುವ ಮುಂಚೆ ಒಂದು ವಾರ ಮನೆಯಂಗಳದಲ್ಲಿ ಹಾಕಿ ಓಡಾಡಿ, ಅಟ್ಟೆ ಬಗ್ಗಿಸಿ ನೋಡಿ, ಬಿರುಕು ಇಲ್ಲದಿದ್ದರೆ ಚೀಲಕ್ಕೆ ಹಾಕುತ್ತೇನೆ.